ಮೆಟ್ಟಿಲು ಮೂರಲ್ಲ, ನಾಲ್ಕು

ಚೀಫ್ ಬಿದ್ದದ್ದು ನೀರಿಗಲ್ಲ. ಕೈಯಲ್ಲಿ ಚಹಾದ ಮಗ್ ಹಿಡಿದುಕೊಂಡು, ತಮ್ಮದೇ ದೋಣಿಯ ತಮ್ಮದೇ ಮೆಟ್ಟಿಲಿಳಿಯುವಾಗ, ಒಳಗಡೆ. ಹನ್ನೆರಡು ವರ್ಷ, ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದ ಮೆಟ್ಟಿಲು ಅದು. ಹೊರಗೆ ಜಿಟಿಜಿಟಿ ಮಳೆ, ಬೂಟಿನಡಿ ಒದ್ದೆ. ಎರಡನೆಯ ಮೆಟ್ಟಿಲು ಇದ್ದಲ್ಲೇ ಇತ್ತು, ಕಾಲು ಮಾತ್ರ ಅದನ್ನು ಬೇರೆಲ್ಲೋ ಹುಡುಕಿತು. ಮಗ್ ಚೂರಾಯಿತು, ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಆಗ ಅವರಿಗೆ 73.

ಚೀಫ್ ಅಂದರೆ ನಾನು ಸರಕು ಹಡಗಿಗೆ ಹೊಸದಾಗಿ ಸೇರಿದಾಗ ಎಂಜಿನ್ ರೂಮಿನ ದೊರೆಯಾಗಿದ್ದ ಚೀಫ್ ಎಂಜಿನಿಯರ್. ಇಂಗ್ಲೆಂಡಿನವರು. ನಿವೃತ್ತರಾದ ಮೇಲೆ ಮನೆ ಮಾರಿ, ಹೆಂಡತಿಯೊಡನೆ ಆ ದೇಶದ ಕಾಲುವೆಗಳಲ್ಲಿ ನ್ಯಾರೋಬೋಟಿನ ಮೇಲೆ ಸಂಸಾರ ಹೂಡಿದವರು. ನಾನೀಗ ಅಜ್ಜನಾಗಿದ್ದರೂ ಅವರ ಬಾಯಲ್ಲಿ ಇನ್ನೂ ‘ಫೈವರ್’, ಅಂದರೆ ಹಡಗಿನ ಐದನೆಯ ಎಂಜಿನಿಯರ್. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗಲೆಲ್ಲ ಎರಡು ವಾರ ಅವರ ದೋಣಿಯಲ್ಲಿರುತ್ತೇನೆ. ಗಂಗೊಳ್ಳಿಯ ಹೊಳೆಯಲ್ಲಿ ಜಲ್ಲೆ ಹಾಕಿ ಬೆಳೆದವನಿಗೆ ಆ ಕಾಲುವೆ ನೀರು ಸತ್ತ ನೀರಿನ ಹಾಗೆ ಕಾಣುತ್ತದೆ, ನಿಜ. ಆದರೆ ಮುಪ್ಪಿಗೆ ಸತ್ತ ನೀರೇ ಲೇಸು.

ಗೊತ್ತಿಲ್ಲದವರಿಗೆ ಒಂದು ಮಾತು. ನ್ಯಾರೋಬೋಟ್ ಎಂದರೆ ಉಕ್ಕಿನ ಉದ್ದ ಡಬ್ಬಿ. ಹೊರ ಅಗಲ 6 ಅಡಿ 10 ಇಂಚು. ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಿದ ಕಾಲುವೆಗಳ ಲಾಕ್‌ಗಳು (ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿಗಳು) 7 ಅಡಿ ಅಗಲ ಇದ್ದುದರಿಂದ ದೋಣಿಗೆ ಈ ಅಳತೆ. ಉದ್ದ 70 ಅಡಿಯವರೆಗೂ ಹೋಗುತ್ತದೆ, 57 ಅಡಿಯದಾದರೆ ಹೆಚ್ಚುಕಡಿಮೆ ಎಲ್ಲ ಕಾಲುವೆಯಲ್ಲೂ ಹಾಯುತ್ತದೆ. ಒಳಗೆ ಮಲಗುವ ಕೋಣೆ, ಬಚ್ಚಲು, ಅಡುಗೆ ಕಟ್ಟೆ, ಕೂರುವ ಜಾಗ ಎಲ್ಲ ರೈಲು ಬೋಗಿಯಂತೆ ಒಂದರ ಹಿಂದೆ ಒಂದು. ವೇಗದ ಮಿತಿ ಗಂಟೆಗೆ 4 ಮೈಲಿ, ದಂಡೆಯ ಮೇಲೆ ನಾಯಿ ಕರೆದುಕೊಂಡು ಹೋಗುವವರು ನಮ್ಮನ್ನು ಹಿಂದೆ ಹಾಕುತ್ತಾರೆ. ಇಂಥ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ನೋಡಿಕೊಳ್ಳುತ್ತಿದೆ. ನಿವೃತ್ತಿಯ ದುಡ್ಡಿನಲ್ಲಿ ಇಂಥದೊಂದು ದೋಣಿ ಕೊಂಡು ಅದರಲ್ಲೇ ನೆಲೆಸುವವರು ಅಲ್ಲಿ ಬಹಳ.

ಅರವತ್ತಕ್ಕೆ ದೋಣಿ ಕೊಳ್ಳುವಾಗ ಎಲ್ಲರೂ ಅರವತ್ತರ ಮೈಗೆ ತಕ್ಕ ದೋಣಿಯನ್ನೇ ಕೊಳ್ಳುತ್ತಾರೆ. ಅದೂ ಬೇಸಿಗೆಯ ಹಗಲಿನಲ್ಲಿ ನೋಡಿ. ಚೀಫ್ ಮಾಡಿದ್ದೂ ಅದನ್ನೇ. ಪಕ್ಕೆಲುಬು ಕೂಡಿಕೊಳ್ಳುವವರೆಗೆ ಆರು ವಾರ ಸುಮ್ಮನೆ ಕೂರಬೇಕಾಯಿತಲ್ಲ, ಆಗ ಅವರು ಒಂದು ನೋಟ್‌ಬುಕ್ ತೆಗೆದರು. ಮೊದಲ ಪುಟದಲ್ಲಿ ಬರೆದದ್ದು: ‘ಬೆಳಗಿನ ಜಾವ ಮೂರು ಗಂಟೆ, ಕತ್ತಲೆ, ಕನ್ನಡಕವಿಲ್ಲ, ಮೂತ್ರಕ್ಕೆ ಅವಸರ.’ ದೋಣಿಯ ಒಂದೊಂದು ಬಾಗಿಲು, ಹಿಡಿ, ಮೆಟ್ಟಿಲನ್ನೂ ಈ ಮನುಷ್ಯನಿಗೆ ಆಗುತ್ತದೆಯೇ ಎಂದು ಕೇಳುತ್ತ ಹೋದರು. ನಾನು ಮುಂದೆ ಹೇಳುವುದೆಲ್ಲ ಆ ನೋಟ್‌ಬುಕ್ಕಿನಿಂದ ಹುಟ್ಟಿದ್ದು, ಜೊತೆಗೆ ನನ್ನ ನಾಲ್ಕಾರು ತಕರಾರು.

ಮೊದಲು ಟೇಪು

ಹಿಂಬದಿಯ ಅಟ್ಟಣಿಗೆಯಿಂದ ಒಳಗಿನ ನೆಲಕ್ಕೆ ಅವರ ದೋಣಿಯಲ್ಲಿ 90 ಸೆಂಟಿಮೀಟರ್ ಇಳಿತ. ನಡುವೆ ಮೂರು ಮೆಟ್ಟಿಲು, ಅಂದರೆ ನಾಲ್ಕು ಹೆಜ್ಜೆಯ ಇಳಿತ, ಒಂದೊಂದು ಹೆಜ್ಜೆಗೆ ಇಪ್ಪತ್ತೆರಡೂವರೆ. ಮನೆಯ ಮೆಟ್ಟಿಲಿನ ಎತ್ತರ ಸಾಮಾನ್ಯವಾಗಿ ಹದಿನೈದರಿಂದ ಹದಿನೆಂಟು. ಮೊಣಕಾಲು ಚಿಪ್ಪು ಸವೆದವರಿಗೆ ಆ ನಾಲ್ಕೈದು ಸೆಂಟಿಮೀಟರಿನ ಲೆಕ್ಕ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಚೀಫ್ ಹಳೆಯ ಏಣಿಯಂಥ ಮೆಟ್ಟಿಲನ್ನು ಕಿತ್ತು, ಪ್ಲೈವುಡ್ಡಿನಲ್ಲಿ ನಾಲ್ಕು ಮೆಟ್ಟಿಲಿನ ಪೆಟ್ಟಿಗೆ ಮಾಡಿದರು. ಈಗ ಒಂದೊಂದು ಹೆಜ್ಜೆ ಹದಿನೆಂಟು. ಒಳಗೆ ಒಂದೂ ಕಾಲಡಿ ಜಾಗ ಹೋಯಿತು, ಆದರೆ ಮೆಟ್ಟಿಲುಗಳ ಹೊಟ್ಟೆಯೊಳಗೆ ಬೂಟು, ಹಗ್ಗ, ಟಾರ್ಚು ಇಡಲು ಗೂಡು ಸಿಕ್ಕಿತು. ಅಂಚಿಗೆ ಅಗಲವಾದ ಹಳದಿ ಪಟ್ಟಿ. ಅದು ಮೊದಲು ಬೂದು ಬಣ್ಣದ್ದಿತ್ತು, ಚೆಂದಕ್ಕೆ. ಮುಸ್ಸಂಜೆಯಲ್ಲಿ ಬೂದು ಅಂಚು ಬೂದು ನೆಲದೊಳಗೆ ಕರಗಿಹೋಗುತ್ತದೆ ಎಂದು ಗೊತ್ತಾದ ಮೇಲೆ ಚೆಂದ ಬಿಟ್ಟರು.

ಹಿಡಿಗಳ ವಿಷಯದಲ್ಲಿ ಒಂದು ಉಪಾಯ ಹೇಳುತ್ತೇನೆ, ಖರ್ಚಿಲ್ಲದ್ದು. ಒಂದು ದಿನ ಕೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ದೋಣಿಯಲ್ಲಿ ಓಡಾಡಿ. ಸಂಜೆ ನೋಡಿದರೆ ಎಲ್ಲೆಲ್ಲಿ ಕೈಯಿಟ್ಟಿದ್ದೀರಿ ಎಂಬುದು ಕಾಣುತ್ತದೆ. ಕಪಾಟಿನ ಬಾಗಿಲು, ಪರದೆಯ ಸರಳು, ಒಲೆಯ ಮೇಲಿನ ಹಿತ್ತಾಳೆ ಪಟ್ಟಿ. ದೇಹ ತನಗೆ ಬೇಕಾದಲ್ಲಿ ಆಗಲೇ ಆಧಾರ ಹುಡುಕಿಕೊಂಡಿರುತ್ತದೆ, ಆದರೆ ಹಿಡಿದದ್ದು ಆಧಾರವಾಗಿರುವುದಿಲ್ಲ. ಆ ಗುರುತುಗಳ ಜಾಗದಲ್ಲೇ ಹಿಡಿ ಹಾಕಿ. ಹಿಂದಿನಿಂದ ಬೋಲ್ಟು ಬಿಗಿಯಬೇಕು, ತೆಳು ಹಲಗೆಗೆ ಬರೀ ಸ್ಕ್ರೂ ಹೊಡೆದ ಹಿಡಿ ನಿಮ್ಮ ಜೊತೆಗೇ ಬೀಳುತ್ತದೆ.

ಹಾಸಿಗೆಯದು ಇನ್ನೊಂದು ಕಥೆ. ಬಹುಪಾಲು ನ್ಯಾರೋಬೋಟಿನಲ್ಲಿ ಮಂಚ ಗೋಡೆಗೆ ಅಂಟಿಕೊಂಡು ಉದ್ದಕ್ಕಿರುತ್ತದೆ, ಪಕ್ಕದಲ್ಲಿ ಒಬ್ಬರು ಹಾಯುವಷ್ಟು ಓಣಿ. ಒಳಗಡೆ ಮಲಗಿದವರು ಏಳಬೇಕಾದರೆ ಹೊರಗಡೆಯವರನ್ನು ದಾಟಬೇಕು. ಐವತ್ತರಲ್ಲಿ ನಗೆಯ ವಿಷಯ, ಎಪ್ಪತ್ತೈದರಲ್ಲಿ ರಾತ್ರಿಗೆ ಮೂರು ಸಲ ನಡೆಯುವ ಸಾಹಸ. ಚೀಫ್ ದಂಪತಿ ಕಂಡುಕೊಂಡ ದಾರಿ ಸರಳ: ಹೆಚ್ಚು ಸಲ ಏಳುವವರು ಹೊರಗಡೆ. ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ಮಗ್ಗುಲು ಬದಲಾಯಿಸುವುದು ಮೆಟ್ಟಿಲು ಬದಲಾಯಿಸಿದಷ್ಟು ಸುಲಭವಾಗಲಿಲ್ಲವಂತೆ. ದೋಣಿಯನ್ನು ಹೊಸದಾಗಿ ಕಟ್ಟಿಸುವವರು ಮಾತ್ರ ಬಚ್ಚಲನ್ನು ಮಂಚದ ಕಾಲ್ದೆಸೆಗೇ ತಂದುಕೊಳ್ಳಲಿ. ನೆಲದ ಮಟ್ಟದಲ್ಲಿ, ಕಾಲಿಟ್ಟ ಕೂಡಲೇ ಹೊತ್ತಿಕೊಳ್ಳುವ 12 ವೋಲ್ಟಿನ ಪುಟ್ಟ ಎಲ್ಇಡಿ ದೀಪ ಹಾಕಿದರೆ ಕಣ್ಣಿಗೆ ಚುಚ್ಚುವುದಿಲ್ಲ, ಸ್ವಿಚ್ಚಿಗೆ ತಡಕಾಡಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ತಲೆಬಾಗಿಲಿನ ಮೇಲಂಚಿಗೆ ದಪ್ಪ ಸ್ಪಂಜು ಅಂಟಿಸಲೇಬೇಕು. ಉಕ್ಕಿನ ಅಂಚು ತಲೆಗೆ ಬಡಿದರೆ ಅವರಿಗದು ಬರೀ ಬೋರೆಯಲ್ಲ.

ಹೊರುವುದನ್ನು ಬಿಡಿ

ಕಾಲುವೆಯ ಬದುಕು ದೂರದಿಂದ ತೇಲುವ ಬದುಕು, ಹತ್ತಿರದಿಂದ ಹೊರುವ ಬದುಕು. ಅಡುಗೆ ಅನಿಲದ ಸಿಲಿಂಡರಿನಲ್ಲಿ 13 ಕಿಲೋ ಪ್ರೊಪೇನ್, ಕಬ್ಬಿಣದ ತೂಕ ಸೇರಿದರೆ ನಮ್ಮ ಮನೆಯ ತುಂಬಿದ ಸಿಲಿಂಡರಿಗೆ ಸರಿಸುಮಾರು ಸಮ. ಅದನ್ನು ಇಳಿಸಬೇಕಾದದ್ದು ದೋಣಿಯ ಮೂತಿಯಲ್ಲಿರುವ ಆಳವಾದ ಗೂಡಿಗೆ, ಬಗ್ಗಿ. ಒಲೆಗೆ ಕಲ್ಲಿದ್ದಲು ಬರುವುದು 20, 25 ಕಿಲೋ ಚೀಲದಲ್ಲಿ. ಇನ್ನು ಶೌಚದ ಪೆಟ್ಟಿಗೆ. ಅದನ್ನು ಅಲ್ಲಿ ಕ್ಯಾಸೆಟ್ ಎನ್ನುತ್ತಾರೆ. ತುಂಬಿದರೆ ಇಪ್ಪತ್ತು ಕಿಲೋ ಆಸುಪಾಸು, ಅದನ್ನು ದಂಡೆಯ ಮೇಲೆ ಸುರಿಯುವ ಜಾಗದವರೆಗೆ ಒಯ್ಯಬೇಕು. ಜಾರುವ ಹಲಗೆಯ ಮೇಲೆ ಅದನ್ನು ಹಿಡಿದು ನಿಂತ ಮುದುಕನ ಮುಖ ನೋಡಿದವರು ಕಾಲುವೆಯ ಮೇಲೆ ಕವಿತೆ ಬರೆಯಲಾರರು.

ಇಲ್ಲಿ ಆಯ್ಕೆಗಳಿವೆ. ಸಿಲಿಂಡರನ್ನು 6 ಕಿಲೋದ್ದಕ್ಕೆ ಬದಲಾಯಿಸಿ, ಕಿಲೋ ಲೆಕ್ಕದಲ್ಲಿ ದುಬಾರಿ, ಸೊಂಟದ ಲೆಕ್ಕದಲ್ಲಿ ಅಗ್ಗ. ಕಲ್ಲಿದ್ದಲನ್ನೂ ಅನಿಲವನ್ನೂ ಡೀಸೆಲನ್ನೂ ದೋಣಿಯಲ್ಲೇ ತಂದು ಮಾರುವವರು ಅನೇಕ ಕಾಲುವೆಗಳಲ್ಲಿದ್ದಾರೆ. ಅವರ ಸುತ್ತಿನ ದಿನ ತಿಳಿದಿಟ್ಟುಕೊಂಡು, ಸಿಲಿಂಡರನ್ನು ಗೂಡಿಗೆ ಇಳಿಸಿ ಕೊಡಿ ಎಂದು ನಾಚಿಕೆ ಬಿಟ್ಟು ಕೇಳಿ. ಒಲೆಯ ಬದಲು ಡೀಸೆಲ್ ಹೀಟರ್ ಹಾಕಿಸಿಕೊಂಡರೆ ಬೂದಿ ಹೊರುವ ಕೆಲಸವೂ ತಪ್ಪುತ್ತದೆ. ನನ್ನ ಸಲಹೆ ಎರಡೂ ಇರಲಿ ಎಂದು. ಹೀಟರ್ ಕೆಡುವುದು ಜನವರಿಯಲ್ಲೇ, ಇದು ನಲವತ್ತು ವರ್ಷ ಯಂತ್ರಗಳ ಜೊತೆ ಬಾಳಿದವನ ಮಾತು. ಶೌಚಕ್ಕೆ, ದೋಣಿಯಡಿಯ ದೊಡ್ಡ ಟ್ಯಾಂಕಿನಿಂದ ಯಂತ್ರದಲ್ಲಿ ಎಳೆದು ತೆಗೆಯುವ ‘ಪಂಪ್ ಔಟ್’ ವ್ಯವಸ್ಥೆ ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು: ಏನನ್ನೂ ಹೊರಬೇಕಿಲ್ಲ. ಆದರೆ ಪ್ರತಿ ಸಲಕ್ಕೂ ಕಾಸು, ಮತ್ತು ಕಾಲುವೆ ಹೆಪ್ಪುಗಟ್ಟಿದರೆ ದೋಣಿ ಅಲ್ಲಿಗೆ ಹೋಗುವಂತಿಲ್ಲ. ಅದಕ್ಕೇ ಒಂದು ಸಣ್ಣ ಕ್ಯಾಸೆಟ್ಟನ್ನು ಮೂಲೆಯಲ್ಲಿಟ್ಟುಕೊಂಡವರೇ ಜಾಣರು. ಅದನ್ನು ಅರ್ಧ ತುಂಬಿದಾಗಲೇ ಖಾಲಿ ಮಾಡಬೇಕು. ಎಪ್ಪತ್ತರ ನಂತರ ಅರ್ಧರ್ಧವಾಗಿ ಎರಡು ಸಲ ಹೋಗುವುದು ಸೋಲಲ್ಲ.

ಲಾಕ್ ಎಂಬ ಬಾಗಿಲು

ಕಾಲುವೆ ಗುಡ್ಡ ಹತ್ತಬೇಕಾದಲ್ಲಿ ಲಾಕ್. ಎರಡೂ ತುದಿಯಲ್ಲಿ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಬಂದ ಮೇಲೆ ಬಾಗಿಲು ಹಾಕಿ, ನೀರು ಬಿಟ್ಟು ಏರಿಸುತ್ತಾರೆ ಇಲ್ಲವೇ ಇಳಿಸುತ್ತಾರೆ. ನೀರು ಬಿಡುವ ತೂಬಿನ ಹಲಗೆಯನ್ನು ಎಲ್ ಆಕಾರದ ಹಿಡಿಯಿಂದ ತಿರುಗಿಸಬೇಕು. ಅದಕ್ಕೆ ವಿಂಡ್‌ಲಾಸ್ ಎನ್ನುತ್ತಾರೆ. ಬಾಗಿಲಿಗೆ ಉದ್ದನೆಯ ಮರದ ತೊಲೆ, ಅದಕ್ಕೆ ಬೆನ್ನು ಕೊಟ್ಟು ನೂಕಬೇಕು. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ ಇಂಥವು 29 ಇವೆ, ಅದರಲ್ಲಿ 16 ಒಂದೇ ಏರಿನಲ್ಲಿ, ದೇವಸ್ಥಾನದ ಮೆಟ್ಟಿಲುಗಳಂತೆ.

ಬೆನ್ನು ಹಿಡಿಸಿಕೊಳ್ಳುವವರೆಲ್ಲ ಮಾಡುವ ತಪ್ಪು ಒಂದೇ: ನೀರು ಸಮವಾಗುವ ಮೊದಲೇ ನೂಕುವುದು. ಲೆಕ್ಕ ಹಾಕಿ ನೋಡಿ. ಬಾಗಿಲು ಎರಡು ಮೀಟರ್ ಅಗಲ, ನೀರಿನಲ್ಲಿ ಮುಳುಗಿದ್ದು ಎರಡು ಮೀಟರ್ ಎಂದುಕೊಳ್ಳಿ. ಎರಡು ಬದಿಯ ನೀರಿನ ಮಟ್ಟದಲ್ಲಿ ಬರೀ 5 ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಆ ಬಾಗಿಲಿನ ಮೇಲೆ 200 ಕಿಲೋ ಒತ್ತಡ ಕೂತಿರುತ್ತದೆ. ತೊಲೆಯಿಂದ ಸನ್ನೆಗೋಲಿನ ಲಾಭ ಸಿಗುತ್ತದೆ ಎಂದರೂ ಅದು ಮನುಷ್ಯ ನೂಕುವ ಭಾರವಲ್ಲ. ಎರಡು ನಿಮಿಷ ಕಾದರೆ ಒತ್ತಡವೆಲ್ಲ ಇಳಿದು, ತೊಲೆಗೆ ಒರಗಿ ನಿಂತರೆ ಸಾಕು, ಬಾಗಿಲು ತಾನಾಗಿ ಸರಿಯತೊಡಗುತ್ತದೆ. ಮೊದಲ ಸಲ ನಾನು ಅವಸರದಲ್ಲಿ ಹೆಗಲು ಕೊಟ್ಟಾಗ ಚೀಫ್ ದೋಣಿಯಿಂದಲೇ ಕೂಗಿದ್ದರು: “ಫೈವರ್, ಅದು ನಿನಗಿಂತ ಹಳೆಯದು. ಅದಕ್ಕೇನೂ ಅವಸರವಿಲ್ಲ.”

ವಿಂಡ್‌ಲಾಸ್ ಉಕ್ಕಿನದ್ದಕ್ಕಿಂತ ಅಲ್ಯೂಮಿನಿಯಮ್ಮಿನದು ಹಗುರ. ಕೈ ಉದ್ದವಿದ್ದಷ್ಟೂ ತಿರುಗಿಸುವ ಬಲ ಕಡಿಮೆ ಸಾಕು, ಆದರೆ ದೊಡ್ಡ ಸುತ್ತು ಹೊಡೆಯಬೇಕು. ಕೀಲುನೋವಿನ ಕೈಗೆ ಉದ್ದನೆಯದು ಒಳ್ಳೆಯದು, ಹೆಗಲು ಹಿಡಿದವರಿಗೆ ಗಿಡ್ಡದ್ದು. ಮೇಡಂ (ಹಡಗಿನ ರೂಢಿಯಂತೆ ಚೀಫ್ ಹೆಂಡತಿಯನ್ನು ನಾವು ಇವತ್ತಿಗೂ ಹೀಗೇ ಕರೆಯುವುದು) ಹಿಡಿಯ ಭಾಗಕ್ಕೆ ಸೈಕಲ್ಲಿನ ದಪ್ಪ ರಬ್ಬರು ಸಿಕ್ಕಿಸಿಕೊಂಡಿದ್ದಾರೆ. ಮತ್ತೆರಡು ವಿಷಯ ತಮಾಷೆಯಲ್ಲ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹಾರುವುದು ಯುವಕರು ಮಾಡುವ ತಪ್ಪು, ಮುದುಕರು ಸುತ್ತಿ ಹೋಗಲಿ. ಲಾಕಿನ ಗೋಡೆಯಲ್ಲಿರುವ ಪಾಚಿ ಹಿಡಿದ ಏಣಿಯನ್ನು ದಿನಚರಿಯಿಂದ ತೆಗೆದುಹಾಕಿ. ಜೊತೆಗಾರರನ್ನು ಲಾಕಿನ ಮೊದಲೇ, ದೋಣಿ ನಿಲ್ಲಿಸಿ, ದಂಡೆಗೆ ಇಳಿಸಿ. ದೊಡ್ಡ ಲಾಕ್ ಸಾಲುಗಳಲ್ಲಿ ಟ್ರಸ್ಟಿನ ಸ್ವಯಂಸೇವಕರು ಇರುತ್ತಾರೆ. ಅವರಿರುವ ಹೊತ್ತು ನೋಡಿಕೊಂಡು ಹೋದರೆ ಅರ್ಧ ಕೆಲಸ ಅವರದೇ. ಅವರಲ್ಲಿ ಎಷ್ಟೋ ಮಂದಿ ತಾವೇ ನಿವೃತ್ತರು, ಅದು ಬೇರೆ ಮಾತು.

ಇಂಗ್ಲೆಂಡಿನ ನಟ ದಂಪತಿ ತಿಮೊತಿ ವೆಸ್ಟ್ ಮತ್ತು ಪ್ರುನೆಲ್ಲಾ ಸ್ಕೇಲ್ಸ್ 2014ರಿಂದ ಹಲವು ವರ್ಷ ಟಿವಿಯಲ್ಲಿ ‘ಗ್ರೇಟ್ ಕೆನಾಲ್ ಜರ್ನೀಸ್’ ನಡೆಸಿಕೊಟ್ಟರು. ಶುರುವಾದಾಗ ಇಬ್ಬರೂ ಎಂಬತ್ತರ ಆಸುಪಾಸು, ಆಕೆಗೆ ಮರೆವಿನ ಕಾಯಿಲೆ. ಅದನ್ನು ನೋಡಿ ದೋಣಿ ಕೊಂಡ ಹಿರಿಯರನ್ನು ನಾನು ಬಲ್ಲೆ. ದಶಕಗಳ ಕಾಲುವೆ ಅನುಭವ ಆ ದಂಪತಿಯ ಕೈಯಲ್ಲಿತ್ತು, ದಂಡೆಯ ಮೇಲೆ ಚಿತ್ರೀಕರಣದ ತಂಡವೂ ಇತ್ತು. ನಿಮ್ಮ ದಂಡೆಯ ಮೇಲೆ ಯಾರಿದ್ದಾರೆ ಎಂದು ನೋಡಿಕೊಂಡು ಕೊಳ್ಳಿ.

ಹಗ್ಗ, ಗೂಟ, ಅಂಚು

ದೋಣಿಯ ಎರಡೂ ಬದಿಗೆ ನಾಲ್ಕೈದು ಇಂಚಿನ ಅಂಚಿರುತ್ತದೆ. ಚಾವಣಿಯ ಸರಳು ಹಿಡಿದು ಅದರ ಮೇಲೆ ಹಿಂದಿನಿಂದ ಮುಂದಕ್ಕೆ ನಡೆಯುವುದು ಹಳಬರ ಠೀವಿ. ಎಪ್ಪತ್ತಾದ ಮೇಲೆ ಅದನ್ನು ಬಿಡಿ. ಒಳಗಿನಿಂದ ನಡೆದು ಹೋಗಿ, ಇಪ್ಪತ್ತು ಸೆಕೆಂಡು ಹೆಚ್ಚು. ಕಾಲುವೆಯ ನೀರು ಬಹಳ ಕಡೆ ಸೊಂಟದಿಂದ ಎದೆಯ ಮಟ್ಟ, ಮುಳುಗುವ ಭಯ ಕಡಿಮೆ. ಆದರೆ ಚಳಿಗಾಲದ ಆ ನೀರಿಗೆ ಬಿದ್ದ ಕ್ಷಣ ಉಸಿರು ಕಟ್ಟುತ್ತದೆ, ಎದೆಗುಂಡಿಗೆ ಏಟು ತಿನ್ನುತ್ತದೆ. ಅದಕ್ಕೇ ಗಾಳಿ ತುಂಬಿಕೊಳ್ಳುವ ಲೈಫ್ ಜಾಕೆಟ್. ಮತ್ತೆ ಹತ್ತಲು ಹಿಂಬದಿಯಲ್ಲಿ ನೀರಿನೊಳಗಿನಿಂದಲೇ ಕೈಗೆ ಸಿಗುವ ಮಡಚು ಏಣಿ ಬೇಕು. ಇದನ್ನು ಬೇಸಿಗೆಯಲ್ಲಿ, ಎಂಜಿನ್ ಆರಿಸಿ, ಒಮ್ಮೆ ನಿಜವಾಗಿ ಹತ್ತಿ ನೋಡಿ. ಚೀಫ್ ಹತ್ತಿ ನೋಡಿದಾಗ ಕೆಳಗಿನ ಎರಡು ಮೆಟ್ಟಿಲು ಸಾಲದೆ ಮತ್ತೊಂದನ್ನು ಬೆಸೆಸಬೇಕಾಯಿತು.

ದಂಡೆಗೆ ಕಟ್ಟಲು ಮೂತಿಯ ಹಗ್ಗ, ಬಾಲದ ಹಗ್ಗ ಎಂದು ಓಡಾಡಬೇಡಿ. ಚಾವಣಿಯ ನಡುವಿನಿಂದ ಒಂದು ಹಗ್ಗ ಚುಕ್ಕಾಣಿಯವರ ಕೈಗೆಟುಕುವಂತಿರಲಿ. ದೋಣಿ ಪೂರ್ತಿ ನಿಂತ ಮೇಲೆ ಅದೊಂದನ್ನೇ ಹಿಡಿದು ಕೆಳಗೆ ಕಾಲಿಟ್ಟರೆ ಇಡೀ ಹದಿನೈದು ಟನ್ ನಿಮ್ಮ ಮಾತು ಕೇಳುತ್ತದೆ. ಕಾಲಿಡಬೇಕು, ಜಿಗಿಯಬಾರದು. ಕಬ್ಬಿಣದ ಗೂಟವನ್ನು ಸುತ್ತಿಗೆಯಿಂದ ಹೊಡೆಯುವುದು ಹೆಗಲಿಗೆ ಶತ್ರು. ದಂಡೆಗೆ ಉಕ್ಕಿನ ತಗಡು ಹೊಡೆದಿರುವಲ್ಲಿ ಅದರ ಸಂದಿಗೆ ಸಿಕ್ಕಿಸುವ ಪುಟ್ಟ ಕೊಂಡಿಗಳಿವೆ. ಮಗುವಿನ ಲಂಗೋಟಿಗೆ ಹಾಕುವ ಪಿನ್ನಿನ ಆಕಾರ ಇರುವುದರಿಂದ ಅವಕ್ಕೆ ಹೆಸರೇ ‘ನ್ಯಾಪಿ ಪಿನ್’. ಮುಂದಿನ ಊರಿನ ದಂಡೆ ಹೇಗಿದೆ ಎಂದು ಮೊದಲೇ ವಿಚಾರಿಸಿಕೊಂಡರೆ ಸುತ್ತಿಗೆ ಗೂಡಿನಲ್ಲೇ ಉಳಿಯುತ್ತದೆ.

ಮೂತಿಯನ್ನು ಪಕ್ಕಕ್ಕೆ ತಳ್ಳುವ ವಿದ್ಯುತ್ ಯಂತ್ರ, ಬೋ ಥ್ರಸ್ಟರ್, ಹಾಕಿಸಬೇಕೇ? ಕಾಲುವೆಯ ಪಂಡಿತರು ಅದನ್ನು ಗೇಲಿ ಮಾಡುತ್ತಾರೆ. ಉದ್ದನೆಯ ಕೋಲಿನಿಂದ ದೋಣಿ ತಳ್ಳಿ ನಾಲ್ಕು ದಿನ ಬೆನ್ನು ಹಿಡಿದುಕೊಂಡು ಮಲಗುವವರೂ ಅವರೇ. ಗಾಳಿಯ ದಿನ ಅದು ಮನುಷ್ಯನೊಬ್ಬನಷ್ಟು ಕೆಲಸ ಮಾಡುತ್ತದೆ, ಹಾಕಿಸಿ. ಆದರೆ ಅದಿಲ್ಲದೆಯೂ ದೋಣಿ ತಿರುಗಿಸುವ ಅಭ್ಯಾಸವನ್ನು ಬಿಡಬೇಡಿ.

ಕಿವಿ, ವಿಳಾಸ, ಸೇತುವೆ

ವಯಸ್ಸಾದಂತೆ ಮೊದಲು ಕೈಕೊಡುವುದು ಕೀರಲು ಸದ್ದು. ಎಚ್ಚರಿಕೆಯ ಗಂಟೆಗಳೆಲ್ಲ ಕೂಗುವುದು ಅದೇ ಸ್ವರದಲ್ಲಿ! ಒಲೆ ಹೊತ್ತಿಸಿ, ಕಿಟಕಿ ಮುಚ್ಚಿ ಮಲಗುವ ಉಕ್ಕಿನ ಡಬ್ಬಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಅದರ ಅಲಾರಂ ಇರುವುದು 2019ರ ಏಪ್ರಿಲ್ 1ರಿಂದ ಅಲ್ಲಿನ ದೋಣಿ ಸುರಕ್ಷತಾ ತಪಾಸಣೆಯಲ್ಲಿ ಕಡ್ಡಾಯ. ಕಡ್ಡಾಯವೆಂದು ಹಾಕಿದರೆ ಸಾಲದು, ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದಾಗ ಇನ್ನೊಬ್ಬರಿಂದ ಅದರ ಗುಂಡಿ ಒತ್ತಿಸಿ ನೋಡಿ. ಕೇಳದಿದ್ದರೆ ದಿಂಬಿನಡಿ ಅದುರುವ ಅಲಾರಂ ಸಿಗುತ್ತದೆ. ವಾತಾಯನದ ಕಿಂಡಿಗೆ ಚಳಿಯೆಂದು ಬಟ್ಟೆ ತುರುಕುವ ಚಾಳಿಯನ್ನು ಮಾತ್ರ ಯಾವ ಅಲಾರಮ್ಮೂ ಬಿಡಿಸಲಾರದು.

ಕಾಯಂ ಕಟ್ಟುಜಾಗವಿಲ್ಲದ ದೋಣಿ 1995ರ ಕಾನೂನಿನ ಪ್ರಕಾರ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪರಿಸ್ಥಿತಿಗೆ ನ್ಯಾಯವೆನಿಸುವಷ್ಟು ಹೆಚ್ಚಿನ ಕಾಲಕ್ಕೆ ಅದೇ ಕಾನೂನಿನಲ್ಲಿ ಅವಕಾಶವಿದೆ. ಕಾಯಿಲೆ ಬಿದ್ದವರು, ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರು ಟ್ರಸ್ಟಿಗೆ ಮೊದಲೇ ತಿಳಿಸಬೇಕು. ಅಂಗವೈಕಲ್ಯವಿದ್ದವರು 2010ರ ಸಮಾನತೆ ಕಾಯಿದೆಯಡಿ ನಿಯಮ ಸಡಿಲಿಸಲು ಕೇಳಬಹುದು. ಕೇಳದೆ ನಿಂತು ನೋಟಿಸು ಬಂದ ಮೇಲೆ ಕೋಪ ಮಾಡಿಕೊಳ್ಳುವವರು ಚೀಫ್ ಒಬ್ಬರೇ ಅಲ್ಲ. ವೈದ್ಯರ ಬಳಿ ಹೆಸರು ನೋಂದಾಯಿಸಲು ಇಂಗ್ಲೆಂಡಿನಲ್ಲಿ ವಿಳಾಸದ ಪುರಾವೆ ಬೇಕಾಗಿಲ್ಲ. ಔಷಧ ಚೀಟಿಯನ್ನು ದಾರಿಯಲ್ಲಿ ಸಿಗುವ ಊರಿನ ಅಂಗಡಿಗೇ ಕಳಿಸಿಕೊಳ್ಳಬಹುದು. ಆದರೂ ಎಪ್ಪತ್ತೈದು ದಾಟಿದವರು ಚಳಿಗಾಲದ ನಾಲ್ಕು ತಿಂಗಳಿಗಾದರೂ ರಸ್ತೆ ಹತ್ತಿರವಿರುವ, ನೀರು-ಕರೆಂಟು ಇರುವ ಕಟ್ಟುಜಾಗ ಹಿಡಿಯುವುದು ಮೇಲು. ಆಂಬುಲೆನ್ಸು ಕೆಸರಿನ ದಂಡೆಯ ಮೇಲೆ ಬರುವುದಿಲ್ಲ, ಸ್ಟ್ರೆಚರು ಹೊತ್ತವರು ನಡೆದೇ ಬರಬೇಕು.

ಅವರು ಬರುವುದಾದರೂ ಎಲ್ಲಿಗೆ? ಬೀದಿಯಿಲ್ಲ, ಮನೆ ನಂಬರಿಲ್ಲ. ಆದರೆ ಆ ಕಾಲುವೆಗಳ ಸೇತುವೆಗಳಿಗೆ ನಂಬರಿದೆ, ಕಮಾನಿನ ಮೇಲೆ ಪುಟ್ಟ ಫಲಕ. ಚೀಫ್ ಪ್ರತಿ ಸಂಜೆ ದೋಣಿ ಕಟ್ಟಿದ ಮೇಲೆ ಕಾಲುವೆಯ ಹೆಸರು, ಹತ್ತಿರದ ಸೇತುವೆಯ ನಂಬರು, ದೋಣಿ ಯಾವ ದಂಡೆಗಿದೆ ಎಂಬುದನ್ನು ಮಂಚದ ಪಕ್ಕದ ಸಣ್ಣ ಹಲಗೆಯ ಮೇಲೆ ಬರೆದು ಮಲಗುತ್ತಾರೆ. ಗಾಬರಿಯಲ್ಲಿ ಫೋನು ಹಿಡಿದ ಮೇಡಂ ಓದಿ ಹೇಳಿದರಾಯಿತು.

ಬೇಸಿಗೆಗೆ ಮಕ್ಕಳ ಮನೆಗೆ ಹೋಗಿ, ಒಂದು ವಾರ ಇಂಥ ದೋಣಿ ಬಾಡಿಗೆಗೆ ಹಿಡಿಯುವ ನಮ್ಮವರೂ ಈಗ ಇದ್ದಾರೆ. ಅವರು ಕೇಳಬೇಕಾದದ್ದು ಮೂರೇ: ದಿನಾ ಕಟ್ಟಿ ಬಿಚ್ಚಬೇಕಿಲ್ಲದ ಮಂಚ ಇದೆಯೇ, ಶೌಚ ಪಂಪ್ ಔಟಿನದೇ, ದಾರಿಯಲ್ಲಿ ಲಾಕ್ ಎಷ್ಟು. ಮೂರನೆಯದಕ್ಕೆ ಉತ್ತರ ಇಪ್ಪತ್ತು ದಾಟಿದರೆ ಅಳಿಯನನ್ನೂ ಕರೆದುಕೊಂಡು ಹೋಗಿ.

ಕಳೆದ ಸಲ ಹೋದಾಗ ಬಟ್ಟೆ ಕಪಾಟಿನ ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿತ್ತು. ದೋಣಿ ಬಿಡುವ ಷರತ್ತುಗಳು, ಇಬ್ಬರ ರುಜುವಿನೊಡನೆ. ಇಬ್ಬರಲ್ಲಿ ಯಾರಿಗಾದರೂ ಮುಂಬಾಗಿಲಿನಿಂದ ಒಬ್ಬರೇ ದಂಡೆಗೆ ಹತ್ತಲಾಗದಿದ್ದರೆ. ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ದೋಣಿಯನ್ನು ಹತ್ತಿರದ ಸೇತುವೆಯವರೆಗೆ ನಡೆಸಲಾಗದಿದ್ದರೆ. ಒಂದೇ ಚಳಿಗಾಲದಲ್ಲಿ ಎರಡು ಸಲ ಬಿದ್ದರೆ. ಎರಡನೆಯದಕ್ಕಾಗಿ ಮೇಡಂ ಈಗ ವಾರಕ್ಕೊಂದು ದಿನ ತಾವೇ ಚುಕ್ಕಾಣಿ ಹಿಡಿಯುತ್ತಾರೆ. ಚೀಫ್ ಒಳಗೆ ಕೂತು, ಬಾಯಿ ಹಾಕಬಾರದೆಂದು ಗಟ್ಟಿ ಮನಸ್ಸು ಮಾಡಿ, ಕ್ರಾಸ್‌ವರ್ಡ್ ತುಂಬುತ್ತಾರೆ. ನಾನಿದ್ದ ದಿನ ಮೇಡಂ ತಿರುವಿನಲ್ಲಿ ದಂಡೆಗೆ ಒಮ್ಮೆ ತಾಗಿಸಿದರು. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು, ಅಷ್ಟೆ.